ಬಾಗಿಲು ತೆರೆದೊಡನೆ ಉಚ್ಚೆ ಹೊಯ್ಯುವ ನಾಯಿ: ಏನು ಮಾಡಬೇಕು, ಏನು ಮಾಡಬಾರದು

ಬಳ್ಳಾರಿ ಕಡೆ ಮನೆಗಳ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಫೋನ್ ಮಾಡಿ ಹೇಳಿ ಬರುವ ರೂಢಿ ಇನ್ನೂ ಪೂರ್ತಿ ಬಂದಿಲ್ಲ. ಹಾಲಿನವರು, ಪಕ್ಕದ ಮನೆಯ ಅತ್ತೆ, ಸಂತೆಗೆಂದು ಬಂದ ಹಳ್ಳಿಯ ಬೀಗರು, ಟ್ಯೂಷನ್ ಮುಗಿಸಿದ ಹುಡುಗರು, ಎಲ್ಲರೂ ನೇರ ಪಡಸಾಲೆಗೇ. ಇಂಥ ಮನೆಯಲ್ಲಿ ನಾಲ್ಕೈದು ತಿಂಗಳ ಮರಿ ಇದ್ದರೆ ಏನಾಗುತ್ತದೆಂದು ಸಾಕಿದವರಿಗೆ ಗೊತ್ತು. ಬಂದವರು ಚಪ್ಪಲಿ ಬಿಡುವಷ್ಟರಲ್ಲಿ ಅದು ಓಡಿಬಂದು, ಬಾಲದ ಜೊತೆಗೆ ಸೊಂಟವನ್ನೂ ಅಲ್ಲಾಡಿಸುತ್ತ, ಅವರ ಕಾಲ ಸುತ್ತ ಗಿರಕಿ ಹೊಡೆಯುತ್ತದೆ. ಅದು ಸುತ್ತಿದ ದಾರಿಯುದ್ದಕ್ಕೂ ಕಪ್ಪು ಬಂಡೆಯ ನೆಲದ ಮೇಲೆ ಹನಿಹನಿ ಉಚ್ಚೆ. ಒಂದೆರಡು ಹನಿ ಬೀಗರ ಪಾದದ ಮೇಲೂ.

ಮನೆಯವರು ನಾಚಿ ನೀರಾಗುತ್ತಾರೆ. "ಇದಕ್ಕ ಹೊರಗ ಹೋಗೋದು ಕಲ್ಸಿಲ್ಲೇನು?" ಅನ್ನುವ ಮಾತು ಬಂದೇ ಬರುತ್ತದೆ. ಕಲಿಸಿರುತ್ತೀರಿ. ಅದೇ ಮರಿ ರಾತ್ರಿಯಿಡೀ ತಡೆದುಕೊಂಡು ಬೆಳಿಗ್ಗೆ ಅಂಗಳಕ್ಕೆ ಹೋಗಿಯೇ ಮುಗಿಸುತ್ತದೆ. ಉಚ್ಚೆ ಎಲ್ಲಿ ಹೊಯ್ಯಬೇಕೆಂದು ಅದಕ್ಕೆ ಚೆನ್ನಾಗಿ ಗೊತ್ತು. ಜನ ಕಂಡ ಆ ಅರ್ಧ ನಿಮಿಷ ಮಾತ್ರ ಮೈ ಅದರ ಹಿಡಿತದಲ್ಲಿರುವುದಿಲ್ಲ. ಹಾಗಾಗಿ ತಿದ್ದಬೇಕಾದದ್ದು ಆ ಭೇಟಿಯನ್ನು. ಭೇಟಿಯಲ್ಲಿ ಮುಕ್ಕಾಲು ಪಾಲು ಕಾರುಬಾರು ಮನುಷ್ಯರದೇ ಆದ್ದರಿಂದ ಈ ಲೇಖನದಲ್ಲಿ ನಾಯಿಗಿಂತ ನಮಗೇ ಹೆಚ್ಚು ಕೆಲಸವಿದೆ.

ಇದು ಯಾವ ಬಗೆಯ ಉಚ್ಚೆ?

ಎಲ್ಲಕ್ಕೂ ಮೊದಲು ಮೊಬೈಲನ್ನು ಕಿಟಕಿಯ ಮೇಲಿಟ್ಟು ಎರಡು ಮೂರು ಸಲ ಜನ ಬರುವುದನ್ನು ವಿಡಿಯೋ ಮಾಡಿ. ಆ ಗದ್ದಲದಲ್ಲಿ ಕಣ್ಣಿಗೆ ಬೀಳದ್ದು ಆಮೇಲೆ ನಿಧಾನವಾಗಿ ನೋಡಿದಾಗ ಕಾಣುತ್ತದೆ.

ನಾಯಿ ನೆಟ್ಟಗೆ ನಿಂತೋ, ಕುಣಿಯುತ್ತಲೋ, ಬಾಯಿ ಸಡಿಲಬಿಟ್ಟು ಬಾಲ ಜೋರಾಗಿ ಬೀಸುತ್ತ ಹನಿ ಹಾಕುತ್ತಿದ್ದರೆ ಅದು ಸಂಭ್ರಮದ ಉಚ್ಚೆ. ಮರಿಗಳಲ್ಲಿ ಮೂತ್ರದ ದಾರಿಯನ್ನು ಬಿಗಿಹಿಡಿಯುವ ಸ್ನಾಯು ಇನ್ನೂ ಬಲಿತಿರುವುದಿಲ್ಲ. ಖುಷಿ ಹೆಚ್ಚಾದಾಗ ಆ ಹಿಡಿತ ಸಡಿಲುತ್ತದೆ. ಆಟದ ನಡುವೆಯೂ ಹೀಗಾಗಬಹುದು. ಒಂದು ವರ್ಷ ತುಂಬುವ ಹೊತ್ತಿಗೆ ಹೆಚ್ಚಿನ ನಾಯಿಗಳಲ್ಲಿ ಇದು ತಾನಾಗಿ ನಿಲ್ಲುತ್ತದೆ.

ಕಿವಿ ಹಿಂದಕ್ಕೆ ಅಂಟಿಕೊಂಡು, ಬಾಲ ಕಾಲ ಸಂದಿಗೆ ಸೇರಿ, ಮೈ ಕುಗ್ಗಿ, ಕಣ್ಣು ತಪ್ಪಿಸಿ, ಕೊನೆಗೆ ಅಂಗಾತ ಬಿದ್ದು ಹೊಟ್ಟೆ ತೋರಿಸುತ್ತ ಹೊಯ್ದರೆ ಅದು ಬೇರೆ. ಅದು ಶರಣಾಗತಿಯ ಉಚ್ಚೆ. ಹುಟ್ಟಿದ ಮೊದಲ ಕೆಲವು ವಾರ ಮರಿಗಳಿಗೆ ತಾವಾಗಿ ಉಚ್ಚೆ ಹೊಯ್ಯಲು ಬರುವುದಿಲ್ಲ. ತಾಯಿ ಅವನ್ನು ಅಂಗಾತ ಮಲಗಿಸಿ ನೆಕ್ಕಿದಾಗಲೇ ಆಗುತ್ತದೆ. ಬೆಳೆದ ಮೇಲೂ ದೊಡ್ಡವರ ಮುಂದೆ ಹಾಗೆ ಬೀಳುವುದೆಂದರೆ "ನಾನಿನ್ನೂ ಮರಿ, ಏನೂ ಮಾಡಬೇಡ" ಎಂದು ಬೇಡಿಕೊಂಡಂತೆ. ಮೇಲೆ ಬಾಗುವ ಎತ್ತರದ ಗಂಡಸು, ತಲೆ ಮೇಲೆ ಬರುವ ಕೈ, ಗಟ್ಟಿ ದನಿ, ಹೆಲ್ಮೆಟ್ ತೆಗೆಯದ ಮುಖ, ಇವೇ ಸಾಮಾನ್ಯ ಕಾರಣಗಳು.

ಎರಡೂ ಒಂದೇ ಮರಿಯಲ್ಲಿ ಇರುವುದುಂಟು: ಮಕ್ಕಳ ಮುಂದೆ ಸಂಭ್ರಮ, ಮಾವನ ಮುಂದೆ ಶರಣಾಗತಿ. ಬೈಕಿನ ಚಕ್ರ, ಸೋಫಾ, ಬಾಗಿಲ ಚೌಕಟ್ಟು ಎಂದು ನಿಂತ ವಸ್ತುವಿಗೆ ಕಾಲೆತ್ತಿ ಹೊಯ್ಯುವ ಗಂಡುನಾಯಿಯದು ಗಡಿ ಗುರುತಿಸುವ ಕೆಲಸ; ಅದಕ್ಕೆ ಈ ಲೇಖನದ ಮದ್ದು ನಾಟುವುದಿಲ್ಲ.

ಮೊದಲು ಡಾಕ್ಟರ್

ಈ ಲಕ್ಷಣಗಳಲ್ಲಿ ಒಂದು ಕಂಡರೂ ತರಬೇತಿ ಬದಿಗಿಟ್ಟು ಪಶು ಆಸ್ಪತ್ರೆಗೆ ಹೋಗಿ: ಮಲಗಿದ್ದಾಗ ತಿಳಿಯದೆಯೇ ಹಾಸಿಗೆ ಒದ್ದೆಯಾಗುವುದು, ಉಚ್ಚೆಯಲ್ಲಿ ರಕ್ತ, ಮುಕ್ಕರಿದರೂ ಹನಿಹನಿಯಾಗಿ ಬರುವುದು, ಪದೇಪದೇ ಆ ಜಾಗ ನೆಕ್ಕಿಕೊಳ್ಳುವುದು, ಇದ್ದಕ್ಕಿದ್ದಂತೆ ವಿಪರೀತ ನೀರು ಕುಡಿಯುವುದು, ಇಷ್ಟು ದಿನ ಸರಿಯಿದ್ದ ದೊಡ್ಡ ನಾಯಿ ಈಗ ಶುರುಮಾಡುವುದು. ಮೂತ್ರದ ಸೋಂಕು, ಕಲ್ಲು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇವೆಲ್ಲ ಹೀಗೆಯೇ ಕಾಣಿಸಿಕೊಳ್ಳುತ್ತವೆ. ಗರ್ಭಕೋಶದ ಆಪರೇಷನ್ ಆದ ಹೆಣ್ಣುನಾಯಿಗಳಲ್ಲಿ, ಅದರಲ್ಲೂ ದೊಡ್ಡ ತಳಿಗಳಲ್ಲಿ, ಮಲಗಿದಾಗ ಸೋರುವುದು ಪ್ರತ್ಯೇಕ ಸಮಸ್ಯೆ, ಅದಕ್ಕೆ ಔಷಧಿಯಿದೆ. ಹುಟ್ಟಿದಾಗಿನಿಂದಲೂ ಹಗಲು ರಾತ್ರಿ ಸೋರುತ್ತಲೇ ಇರುವ ಹೆಣ್ಣುಮರಿಯಲ್ಲಿ ಮೂತ್ರನಾಳವೇ ತಪ್ಪು ಜಾಗಕ್ಕೆ ಸೇರಿರಬಹುದು.

ಉಚ್ಚೆಯ ಮಾದರಿ ಕೇಳಿದರೆ ಬೆಳಗಿನ ಮೊದಲ ಉಚ್ಚೆಯನ್ನು ಸ್ವಚ್ಛ, ಒಣ ಡಬ್ಬಿಯಲ್ಲಿ ಹಿಡಿದು ಬೇಗ ತಲುಪಿಸಿ. ನಮ್ಮ ಬಿಸಿಲಿಗೆ ಅದು ಬೈಕಿನ ಡಿಕ್ಕಿಯಲ್ಲಿ ಕೂತರೆ ಪರೀಕ್ಷೆಯ ಫಲಿತಾಂಶ ಕೆಡುತ್ತದೆ. ತಡವಾಗುವುದಾದರೆ ಫ್ರಿಜ್‌ನಲ್ಲಿಡಿ. ಹಾಗೇ, "ಉಚ್ಚಿ ನಿಲ್ಲಾಕ" ಅಂತ ಮೆಡಿಕಲ್ ಅಂಗಡಿಯಿಂದ ಮನುಷ್ಯರ ಗುಳಿಗೆ ತಂದು ನುಂಗಿಸಬೇಡಿ.

ಬೈದರೆ ಏನಾಗುತ್ತದೆ

"ನಮ್ಮ ಮನ್ಯಾಗಿದ್ರ ನಾಕು ಬಿಗದು ಬುದ್ಧಿ ಕಲಸ್ತಿದ್ದೆ ನೋಡು" ಅನ್ನುವ ಒಬ್ಬ ಪಂಡಿತರು ಪ್ರತಿ ಓಣಿಯಲ್ಲೂ ಇರುತ್ತಾರೆ. ಅವರ ಮಾತು ಕೇಳಿದರೆ ಇರುವ ಸಮಸ್ಯೆ ಎರಡಾಗುತ್ತದೆ. ಹನಿ ಹಾಕುವುದು ಮರಿಯ ಕೈಯಲ್ಲಿಲ್ಲ, ಹಾಗಾಗಿ ಯಾಕೆ ಹೊಡೆದರೆಂದು ಅದಕ್ಕೆ ತಿಳಿಯುವುದಿಲ್ಲ. ತಿಳಿಯುವುದಿಷ್ಟೇ: ಜನ ಬಂದರೆ ಯಜಮಾನನಿಗೆ ಸಿಟ್ಟು ಬರುತ್ತದೆ. ಮುಂದಿನ ಸಲ ಬೀಗರು ಬರುವ ಹೊತ್ತಿಗೆ ಕುಣಿಯುತ್ತಿದ್ದ ಮರಿ ಕುಗ್ಗಿ ಬರುತ್ತದೆ, ಅಂಗಾತ ಬೀಳುತ್ತದೆ, ಮೊದಲಿಗಿಂತ ಹೆಚ್ಚು ಹೊಯ್ಯುತ್ತದೆ. ವಯಸ್ಸಾದಂತೆ ತಾನಾಗಿ ಹೋಗಬಹುದಾಗಿದ್ದ ಸಂಭ್ರಮದ ಉಚ್ಚೆಯನ್ನು ಶರಣಾಗತಿಯ ಉಚ್ಚೆ ಮಾಡಿಟ್ಟಂತಾಯಿತು. ಉಚ್ಚೆಗೆ ಮೂಗು ತಿಕ್ಕುವುದು ಇನ್ನೂ ಕೆಟ್ಟದ್ದು.

ಬೈಯುವುದರಷ್ಟೇ ತೊಂದರೆ ಕೊಡುವ ಇನ್ನೊಂದು ಇದೆ, ಅದನ್ನು ಯಾರೂ ತಪ್ಪು ಅನ್ನುವುದಿಲ್ಲ: ಮುದ್ದು. "ಅಯ್ಯೋ ನನ್ನ ಬಂಗಾರಾ!" ಎಂದು ಕಿರುದನಿಯಲ್ಲಿ ಕೂಗುತ್ತ ಎರಡೂ ಕೈಯಲ್ಲಿ ಮುಖ ತಿಕ್ಕುವುದು ಕುದಿಯುವ ಹಾಲಿನ ಕೆಳಗೆ ಉರಿ ಏರಿಸಿದಂತೆ. ಹನಿ ಬಿದ್ದಾಗ ಬೈಗುಳವೂ ಬೇಡ, ಸಮಾಧಾನವೂ ಬೇಡ. ಸುಮ್ಮನೆ ಬೇರೆ ಕಡೆ ತಿರುಗಿ ನಡೆಯಿರಿ. ಒರೆಸುವ ಕೆಲಸ ಮರಿ ಅಂಗಳಕ್ಕೆ ಹೋದ ಮೇಲೆ.

ಜನ ಬರುವ ಮುಂಚೆ

ಹೇಳಿ ಬರುವವರಿದ್ದರೆ ಹತ್ತು ನಿಮಿಷ ಮೊದಲು ಮರಿಯನ್ನು ಹೊರಗೆ ಕರೆದೊಯ್ದು ಉಚ್ಚೆ ಮುಗಿಸಿಕೊಂಡು ಬನ್ನಿ. ತುಂಬಿದ ಚೀಲಕ್ಕಿಂತ ಖಾಲಿ ಚೀಲ ಕಡಿಮೆ ಸೋರುತ್ತದೆ ಎನ್ನುವುದು ಸರಳ ಲೆಕ್ಕ. ಹೇಳದೆ ಬರುವವರೇ ಹೆಚ್ಚಾದ್ದರಿಂದ ಮೂರು ನಾಲ್ಕು ತಿಂಗಳ ಮರಿಯನ್ನು ಹಗಲು ಎರಡು ತಾಸಿಗೊಮ್ಮೆ ಹೊರಗೆ ಬಿಡುವುದು ಒಳ್ಳೆಯದು. ಎದ್ದ ಕೂಡಲೆ, ಉಂಡ ಮೇಲೆ, ಆಡಿದ ಮೇಲೆ ತಪ್ಪದೆ.

ಪಡಸಾಲೆಯ ಜಮಖಾನೆಯನ್ನು ಸುತ್ತಿ ಅಟ್ಟದ ಮೇಲಿಡಿ, ಈ ಪಾಠ ಮುಗಿಯುವವರೆಗೂ. ಬಟ್ಟೆಗೆ ಇಳಿದ ವಾಸನೆ ಹೋಗುವುದು ಕಷ್ಟ, ವಾಸನೆ ಇದ್ದಲ್ಲಿ ಮರಿ ಮತ್ತೆ ಹೊಯ್ಯುತ್ತದೆ.

ಬಾಗಿಲ ಹತ್ತಿರ, ಕೈಗೆ ಸಿಗುವಂತೆ, ಒಂದು ಡಬ್ಬಿಯಲ್ಲಿ ಖಡಕ್ ಜೋಳದ ರೊಟ್ಟಿಯನ್ನು ಕಿರುಬೆರಳ ಉಗುರಿನಷ್ಟು ಚೂರು ಮಾಡಿ ಇಟ್ಟುಕೊಳ್ಳಿ. ಅಂಗಡಿಯ ಬಿಸ್ಕತ್ತಿಗಿಂತ ಇದು ಅಗ್ಗ, ಹೊಟ್ಟೆಗೂ ಭಾರವಲ್ಲ. ರೊಟ್ಟಿಗೆ ಚಟ್ನಿಪುಡಿ ಸವರಿರಬಾರದು. ಬಂದವರು ತಮ್ಮ ತಟ್ಟೆಯ ಒಗ್ಗರಣಿ, ಮಿರ್ಚಿ ಕೊಡಲು ಬಂದರೆ ತಡೆಯಿರಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ.

ಭೇಟಿ ಹೇಗಿರಬೇಕು

ಮೊದಮೊದಲು ಭೇಟಿಯನ್ನು ಒಳಗೆ ಮಾಡಿಸಲೇಬೇಡಿ. ಕಟ್ಟೆಯ ಮೇಲೋ ಅಂಗಳದಲ್ಲೋ ಆಗಲಿ. ಅಲ್ಲಿ ಹನಿ ಬಿದ್ದರೂ ಒಂದು ತಂಬಿಗೆ ನೀರಿಗೆ ಮುಗಿಯಿತು. ಅದಕ್ಕಿಂತ ಮುಖ್ಯವಾಗಿ ನಿಮ್ಮ ಮುಖದಲ್ಲಿ ಗಾಬರಿ ಕಾಣುವುದಿಲ್ಲ, ಆ ಗಾಬರಿಯನ್ನು ಮರಿಗಳು ಚೆನ್ನಾಗಿ ಓದುತ್ತವೆ. ನಾಲ್ಕೈದು ಅಡಿಯ ಹಗ್ಗ ಸಡಿಲವಾಗಿ ಕೈಯಲ್ಲಿರಲಿ. ಎಳೆಯಬೇಡಿ; ಮೇಲೆ ಹಾರದಂತೆ ತಡೆದರೆ ಸಾಕು.

ಬಂದವರಿಗೆ ಹೇಳಬೇಕಾದದ್ದು ಮೂರೇ ಮಾತು: ನೋಡಬೇಡಿ, ಮಾತಾಡಿಸಬೇಡಿ, ಮುಟ್ಟಬೇಡಿ. ನಾಯಿ ಅಲ್ಲಿಲ್ಲವೇ ಇಲ್ಲ ಎಂಬಂತೆ ನಿಮ್ಮ ಜೊತೆ ಮಾತಾಡುತ್ತ ನಿಲ್ಲಲಿ. ನೀವು ರೊಟ್ಟಿಯ ಏಳೆಂಟು ಚೂರನ್ನು ನೆಲದ ಮೇಲೆ ಚೆಲ್ಲಿ. ಮೂಗು ನೆಲಕ್ಕೆ ಹೋದೊಡನೆ ಮೈಯ ಓಟ ಇಳಿಯುತ್ತದೆ; ಹುಡುಕಿ ತಿನ್ನುವ ನಾಯಿ ಕುಣಿಯಲಾರದು. ಎರಡು ಮೂರು ನಿಮಿಷದಲ್ಲಿ ನಾಲ್ಕೂ ಕಾಲು ನೆಲದ ಮೇಲೆ ನಿಂತು, ಬಾಲದ ಬೀಸು ನಿಧಾನವಾಗಿ, ಬಾಯಿ ಮುಚ್ಚಿ ಮೂಸಲು ಶುರುಮಾಡಿದರೆ ಈಗ ಹೊತ್ತು ಬಂತು. ಬಂದವರು ಪಕ್ಕಕ್ಕೆ ತಿರುಗಿ ಕುಕ್ಕರುಗಾಲಲ್ಲಿ ಕೂತು, ಕೈಯನ್ನು ಗದ್ದದ ಕೆಳಗಿನಿಂದ ಚಾಚಲಿ. ಎದೆ ತುರಿಸಲಿ, ತಲೆ ತಟ್ಟುವುದು ಬೇಡ. ಬಾಲ ಮತ್ತೆ ಚಾಮರವಾದರೆ ಕೈ ಹಿಂದಕ್ಕೆ, ಎದ್ದು ನಿಲ್ಲುವುದು, ಇನ್ನಷ್ಟು ರೊಟ್ಟಿಚೂರು.

ಬಂದವರು ಕೇಳುವುದಿಲ್ಲ, ಅದೇ ನಿಜವಾದ ಕಷ್ಟ. ನಾಯಿಪ್ರೇಮಿಗಳಂತೂ "ನನಗೇನು ಬೇಜಾರಿಲ್ಲ ಬಿಡ್ರಿ" ಎಂದು ಬಾಗಿ ತಬ್ಬಿಕೊಂಡೇ ಬಿಡುತ್ತಾರೆ. ಅಂಥವರಿಗೆ ಎದುರಾಗುವ ಮುಂಚೆಯೇ ಕೈಗೆ ರೊಟ್ಟಿಚೂರು ಕೊಟ್ಟು "ನೀವೇ ಚೆಲ್ಲರಿ" ಅನ್ನಿ. ಕೈಗೆ ಕೆಲಸ ಸಿಕ್ಕರೆ ತಬ್ಬುವುದು ಮರೆಯುತ್ತದೆ. ಹಿರಿಯರಿಗೆ ಬುದ್ಧಿ ಹೇಳುವ ಮುಜುಗರವಿದ್ದರೆ "ಡಾಕ್ಟ್ರು ಹೇಳ್ಯಾರ" ಎನ್ನುವ ಒಂದು ಮಾತು ನಮ್ಮ ಕಡೆ ಎಲ್ಲ ವಾದವನ್ನೂ ಮುಗಿಸುತ್ತದೆ. ನಾಯಿಗೆ ಹೆದರುವವರು ಬಂದರೆ ಈ ಪಾಠಕ್ಕೆ ಅವರನ್ನು ಬಳಸಬೇಡಿ, ಮರಿ ಒಳಕೋಣೆಯಲ್ಲಿರಲಿ.

ಮನೆಯವರೇ ಹೊರಗಿನಿಂದ ಬರುವಾಗಲೂ ಇದೇ ನಿಯಮ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಗಣಿ ಎಂದು ಪಾಳಿಯಲ್ಲಿ ದುಡಿಯುವವರ ಮನೆಗಳಲ್ಲಿ ದಿನದ ಅತಿದೊಡ್ಡ ಸಂಭ್ರಮವೆಂದರೆ ಪಾಳಿ ಮುಗಿದು ಬೈಕ್ ಓಣಿಗೆ ತಿರುಗುವ ಹೊತ್ತು. ಗೇಟಿನ ಚಿಲಕ ಸದ್ದಾಗುವ ಮುಂಚೆಯೇ ಮರಿ ತುದಿಗಾಲಲ್ಲಿರುತ್ತದೆ. ಬಂದವರು ಒಳಗೆ ಕಾಲಿಡದೆ, ಮಾತಾಡದೆ, ಹಗ್ಗ ಹಿಡಿದು ನೇರ ಅಂಗಳದ ಮೂಲೆಗೆ ನಡೆಯಲಿ. ಮರಿ ಅಲ್ಲಿ ಉಚ್ಚೆ ಮುಗಿಸಿದ ಮೇಲೆ ಮೆಲ್ಲಗೆ ಹೆಸರು ಹಿಡಿದು ಕರೆಯಲಿ. ದಣಿದು ಬಂದವರಿಗೆ ಇದು ಬೇಸರದ ಕೆಲಸವೇ, ಆದರೂ ನೆಲ ಒರೆಸುವುದಕ್ಕಿಂತ ಮೇಲು.

ತಾಲೀಮು

ನಿಜವಾದ ಅತಿಥಿಗಳ ಮೇಲೆ ಮಾತ್ರ ಅಭ್ಯಾಸ ಮಾಡಿದರೆ ಪಾಠ ಮುಂದೆ ಸಾಗುವುದಿಲ್ಲ. ಬರುವಿಕೆಯನ್ನೇ ಮರಿಗೆ ಬೇಜಾರು ಬರುವಷ್ಟು ಸಾಮಾನ್ಯ ಮಾಡಬೇಕು. ಮನೆಯ ಒಬ್ಬರು ಹೊರಗೆ ಹೋಗಿ ಹತ್ತು ಎಣಿಸಿ ಒಳಗೆ ಬರಲಿ, ಮರಿಯ ಕಡೆ ನೋಡದೆ ನೀರು ಕುಡಿದು ಮತ್ತೆ ಹೊರಗೆ ಹೋಗಲಿ. ಹೀಗೆ ಮಾಡುತ್ತ ಹೋದರೆ ಮರಿ ಒಂದು ಹಂತದಲ್ಲಿ ಏಳದೆ ಬರೀ ಕಣ್ಣು ತಿರುಗಿಸುತ್ತದೆ. ಆಗ ರೊಟ್ಟಿಚೂರು ಅದರ ಮುಂದೆ ಬೀಳಲಿ.

ಅದು ಸಲೀಸಾದ ಮೇಲೆ ಒಂದೊಂದೇ ಸದ್ದು ಸೇರಿಸಿ. ಚಿಲಕ ಅಲ್ಲಾಡಿಸಿ, ಯಾರೂ ಬರಬೇಡಿ. ಕರೆಗಂಟೆ ಒತ್ತಿ, ಬಾಗಿಲು ತೆರೆಯಬೇಡಿ. ಬೈಕ್ ಶುರುಮಾಡಿ ಆರಿಸಿ. ಬೈಕಿನ ಸದ್ದಾದರೆ ಹಬ್ಬ ಎನ್ನುವ ನಂಟು ಸಡಿಲಾಗುತ್ತ ಹೋಗುತ್ತದೆ. ಆಮೇಲೆ ಮಾತು ಕೇಳುವ ಒಬ್ಬ ನೆರೆಯವರು, ಆಮೇಲೆ ಇಬ್ಬರು. ಓಣಿಯ ಮಕ್ಕಳನ್ನು ಕೊನೆಗೆ ಕರೆಯಿರಿ: ಓಡುತ್ತಾರೆ, ಕಿರುಚುತ್ತಾರೆ, ಮರಿಯ ಎತ್ತರಕ್ಕೇ ಬಗ್ಗುತ್ತಾರೆ, ಅವರಷ್ಟು ಕಠಿಣ ಪರೀಕ್ಷೆ ಇನ್ನೊಂದಿಲ್ಲ. ಯಾವ ಹಂತದಲ್ಲಿ ಹನಿ ಬಿತ್ತೋ ಅದಕ್ಕಿಂತ ಒಂದು ಹಂತ ಹಿಂದಕ್ಕೆ ಹೋಗಿ ಮತ್ತೆ ಶುರುಮಾಡಿ.

ಇದರ ಜೊತೆಗೆ ಜನರಿಲ್ಲದ ಹೊತ್ತಿನಲ್ಲಿ ಕೂರುವುದನ್ನು ಕಲಿಸಿ. ಕನ್ನಡ, ತೆಲುಗು, ಉರ್ದು ಮೂರೂ ಓಡಾಡುವ ಬಳ್ಳಾರಿ, ರಾಯಚೂರಿನ ಮನೆಗಳಲ್ಲಿ ಒಬ್ಬೊಬ್ಬರು ಒಂದೊಂದು ಮಾತಲ್ಲಿ ಹೇಳಿದರೆ ಮರಿಗೆ ಗೊಂದಲ. ಅಂಗೈ ಮೇಲಕ್ಕೆತ್ತುವ ಒಂದು ಕೈಸನ್ನೆ ಇಟ್ಟುಕೊಂಡರೆ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರಿಗೂ ನಡೆಯುತ್ತದೆ.

ಹೆದರುವ ಮರಿಗೆ ಬೇರೆ ದಾರಿ

ಶರಣಾಗತಿಯ ಮರಿಯ ಮುಂದೆ ಮಿಲಿಟರಿ ದನಿಯಲ್ಲಿ "ಕುಂದ್ರು!" ಅಂದರೆ ಅಲ್ಲೇ ಹೊಯ್ಯುತ್ತದೆ. ಇಲ್ಲಿ ನಿಯಮ ಒಂದೇ: ನಾವು ಅದರ ಹತ್ತಿರ ಹೋಗುವುದಿಲ್ಲ, ಅದೇ ಬರಬೇಕು. ಬಂದವರು ಹೆಲ್ಮೆಟ್, ತಲೆಗೆ ಸುತ್ತಿದ ಟವಲ್ ತೆಗೆದು, ಕಟ್ಟೆಯ ಮೇಲೆ ಪಕ್ಕಕ್ಕೆ ತಿರುಗಿ ಕೂತು, ಕೈ ತೊಡೆಯ ಮೇಲಿಟ್ಟುಕೊಳ್ಳಲಿ. ಮರಿ ಬೆನ್ನ ಹಿಂದಿನಿಂದ ಬಂದು ಮೂಸಿದರೂ ಅಲ್ಲಾಡುವುದು ಬೇಡ. ಹಗ್ಗ ಕಟ್ಟುವಾಗಲೂ ಮೇಲೆ ಬಾಗದೆ ಕೂತು ಕಟ್ಟಿ. ಮನೆಯಲ್ಲಿ ಜಗಳ ಜೋರಾದಾಗ, ಯಾರನ್ನೋ ಬೈಯುವಾಗ ಇಂಥ ಮರಿ ತನಗೇ ಬೈದಂತೆ ಹೊಯ್ದುಬಿಡುತ್ತದೆ. ಮುಧೋಳ ತಳಿಯ ಮರಿ ತಂದವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಬೇಟೆಗೆ ಹೆಸರಾದರೂ ಆ ನಾಯಿಗಳು ಗದರಿಕೆಯನ್ನು ಮನಸ್ಸಿಗೆ ತುಂಬ ಹಚ್ಚಿಕೊಳ್ಳುತ್ತವೆ.

ಧೈರ್ಯ ಬೆಳೆಯುವುದು ಗೆದ್ದಾಗ. ಬುಟ್ಟಿಯ ಕೆಳಗೆ ರೊಟ್ಟಿ ಬಚ್ಚಿಟ್ಟು ಹುಡುಕಿಸಿ, ಕೈಗೆ ಮೂಗು ತಾಗಿಸುವುದನ್ನು ಕಲಿಸಿ. ಅಂಥ ಚಿಕ್ಕ ಗೆಲುವುಗಳೇ ದಿನಗಳೆದಂತೆ ಕುಗ್ಗಿದ ಮೈಯನ್ನು ನೆಟ್ಟಗೆ ಮಾಡುತ್ತವೆ.

ನೀರು ಕಡಿತ ಮಾಡಬೇಡಿ

ಉಚ್ಚೆ ಕಡಿಮೆಯಾಗಲೆಂದು ನೀರಿನ ಬಟ್ಟಲು ಎತ್ತಿಡುವವರಿದ್ದಾರೆ. ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಮೈಯಲ್ಲಿ ಬೆವರದ ನಾಯಿ ತೇಕಿಯೇ ತಣ್ಣಗಾಗಬೇಕು, ಅದಕ್ಕೆ ನೀರು ಬೇಕೇಬೇಕು. ನೀರು ತಪ್ಪಿಸಿದರೆ ಬಿಸಿಲಾಘಾತ. ಉಚ್ಚೆ ಗಟ್ಟಿಯಾಗಿ ವಾಸನೆಯೂ ಹೆಚ್ಚುತ್ತದೆ. ಹೆಚ್ಚಿಸಬೇಕಾದದ್ದು ಹೊರಗೆ ಕರೆದೊಯ್ಯುವ ಸರದಿಯನ್ನು. ಅತಿಥಿಗಳು ಬಂದಾಗ ಮಾಳಿಗೆಗೆ ಅಟ್ಟುವುದು, ಗೇಟಿಗೆ ಬಿಸಿಲಲ್ಲಿ ಕಟ್ಟುವುದು ಈ ಊರುಗಳಲ್ಲಿ ಸಲ್ಲದು. ಮಧ್ಯಾಹ್ನದ ಮಾಳಿಗೆ ಅಂಗಾಲು ಸುಡುತ್ತದೆ.

ನೆಲ ಒರೆಸುವ ಬಗೆ

ಇಲ್ಲಿ ನಮ್ಮ ನೆಲಗಳ ಬಗ್ಗೆ ಒಂದು ಎಚ್ಚರಿಕೆ. ನಾಯಿಯ ಉಚ್ಚೆಗೆ ವಿನೆಗರ್ ಹಾಕಿ ಒರೆಸಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ನಿಮ್ಮ ಮನೆಯದು ಶಹಾಬಾದ್ ಅಥವಾ ಕಡಪ ಬಂಡೆಯಾದರೆ ಅದನ್ನು ಮಾಡಬೇಡಿ. ಅವೆರಡೂ ಸುಣ್ಣದ ಕಲ್ಲುಗಳು. ವಿನೆಗರ್, ನಿಂಬೆರಸ, ಬಾತ್‌ರೂಮ್ ತೊಳೆಯುವ ಆ್ಯಸಿಡ್ ಯಾವುದು ತಾಗಿದರೂ ಹೊಳಪು ಸತ್ತು ಬಿಳಿಚಿದ ಕಲೆ ಉಳಿಯುತ್ತದೆ. ಅಮೃತಶಿಲೆಗೂ ಇದೇ ಮಾತು.

ಹಳೆ ಪಂಚೆಯ ಬಟ್ಟೆ ಒತ್ತಿ ಉಚ್ಚೆ ಹೀರಿಸಿ, ಉಜ್ಜಬೇಡಿ. ನೀರಲ್ಲಿ ಒರೆಸಿ. ಬಳಿಕ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವದ ಕ್ಲೀನರ್ ಹಾಕಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ವಾಸನೆಯ ಮೂಲವನ್ನು ಒಡೆಯುವುದು ಅದೊಂದೇ. ಫಿನಾಯಿಲ್ ಬರೀ ವಾಸನೆಯ ಮೇಲೆ ವಾಸನೆ ಹೊದಿಸುತ್ತದೆ, ಅದನ್ನು ತುಳಿದ ಪಾದವನ್ನು ಮರಿ ನೆಕ್ಕಿಕೊಳ್ಳುತ್ತದೆ. ಬ್ಲೀಚಿಂಗ್ ಪೌಡರ್ ಬೇಡವೇ ಬೇಡ: ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಕಣ್ಣು, ಗಂಟಲು ಉರಿಸುವ ಹೊಗೆ ಏಳುತ್ತದೆ. ಒರೆಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಇಲಿಜ್ವರದ ಸೋಂಕು ನಾಯಿಯ ಉಚ್ಚೆಯಿಂದಲೂ ಹರಡಬಲ್ಲದು. ಅದರ ಲಸಿಕೆ ಹಾಕಿಸಿದ್ದೀರಾ ನೋಡಿಕೊಳ್ಳಿ.

ಜಾತ್ರೆಯ ದಿನ

ಜನವರಿಯಲ್ಲಿ ಗವಿಮಠದ ಜಾತ್ರೆ ಬಂತೆಂದರೆ ಕೊಪ್ಪಳದ ಮನೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥ ದಿನ ಪಾಠಕ್ಕೆ ರಜೆ. ಜನ ಬರುವ ಮುಂಚೆಯೇ ಮರಿಯನ್ನು ಹಿಂದಿನ ಕೋಣೆಯಲ್ಲಿ ಫ್ಯಾನು, ನೀರು, ಕಡಿಯಲು ಒಂದು ಆಟಿಕೆ ಕೊಟ್ಟು ಬಿಡಿ. ಗದ್ದಲ ಶುರುವಾದ ಮೇಲೆ ತಳ್ಳಿದರೆ ಅದೇ ಶಿಕ್ಷೆಯಂತಾಗುತ್ತದೆ. ತಾಸಿಗೊಮ್ಮೆ ಮನೆಯ ಒಬ್ಬರು ಹೋಗಿ ಬರಲಿ. ಎಲ್ಲರೂ ಉಂಡು, ಕೂತು, ಮಾತು ತಣ್ಣಗಾದ ಮೇಲೆ ಬೇಕಿದ್ದರೆ ಅಂಗಳದಲ್ಲಿ ಒಬ್ಬಿಬ್ಬರ ಪರಿಚಯ ಮಾಡಿಸಿ. ತೀರಾ ಅನಿವಾರ್ಯವಾದರೆ ನಾಯಿಯ ಡೈಪರ್ ಕಟ್ಟಬಹುದು. ಅದು ನೆಲ ಉಳಿಸುತ್ತದೆಯೇ ಹೊರತು ಏನೂ ಕಲಿಸುವುದಿಲ್ಲ, ಒದ್ದೆಯಾದದ್ದನ್ನು ಬದಲಿಸದಿದ್ದರೆ ಚರ್ಮ ಕೆಂಪಾಗುತ್ತದೆ.

ಎಷ್ಟು ದಿನ?

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹನಿ ಬಿದ್ದ ದಿನಕ್ಕೆ ಒಂದು ಗುರುತು ಹಾಕಿ, ಪಕ್ಕದಲ್ಲಿ ಯಾರು ಬಂದಿದ್ದರು, ಎಲ್ಲಿ, ಯಾವ ಹೊತ್ತು ಎಂದು ಬರೆಯಿರಿ. "ಯಾವಾಗ್ಲೂ ಹೊಯ್ತದ" ಎಂದುಕೊಂಡದ್ದು ಬರೀ ಸಂಜೆ, ಬರೀ ಹೆಲ್ಮೆಟ್‌ನವರು ಬಂದಾಗ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಗುರುತುಗಳು ವಾರದಿಂದ ವಾರಕ್ಕೆ ವಿರಳವಾಗುತ್ತಿದ್ದರೆ ದಾರಿ ಸರಿಯಿದೆ. ನಡುವೆ ಊರಿಂದ ಯಾರೋ ಬಂದು ಎತ್ತಿ ಮುದ್ದಾಡಿ ಹೋದ ಮೇಲೆ ನಾಲ್ಕು ದಿನ ಹದಗೆಡುವುದು ಇದ್ದದ್ದೇ. ಸಂತಾನಹರಣ ಆಪರೇಷನ್‌ನಿಂದ ಈ ಉಚ್ಚೆ ನಿಲ್ಲುತ್ತದೆ ಎಂದು ನಂಬಿ ಕೂರಬೇಡಿ. ಕಾಲೆತ್ತಿ ಗುರುತು ಹಾಕುವುದು ಅದರಿಂದ ಕಡಿಮೆಯಾಗಬಹುದು, ಭೇಟಿಯ ಉಚ್ಚೆಗೂ ಅದಕ್ಕೂ ಸಂಬಂಧವಿಲ್ಲ. ಒಂದು ವರ್ಷ ದಾಟಿಯೂ ಇಳಿಯುವ ಲಕ್ಷಣ ಕಾಣದಿದ್ದರೆ ಆ ಕ್ಯಾಲೆಂಡರನ್ನೂ ವಿಡಿಯೋವನ್ನೂ ಹಿಡಿದು ಡಾಕ್ಟರ ಹತ್ತಿರ ಹೋಗಿ, ಬಾಯಲ್ಲಿ ಹೇಳುವುದಕ್ಕಿಂತ ಅವು ಹೆಚ್ಚು ಹೇಳುತ್ತವೆ.

ಒಂದು ತಿಂಗಳು ಗುರುತೇ ಬೀಳದಿದ್ದರೆ ಭೇಟಿಯನ್ನು ಕಟ್ಟೆಯಿಂದ ಪಡಸಾಲೆಗೆ ತನ್ನಿ. ಮೊದಲು ಮರಿಗೆ ಚೆನ್ನಾಗಿ ಗೊತ್ತಿರುವ ಒಬ್ಬರು, ಕೆಲವು ದಿನ ಬಿಟ್ಟು ಹೊಸಬರು. ಜಮಖಾನೆ ಹಾಸುವುದು ಎಲ್ಲಕ್ಕಿಂತ ಕೊನೆಗೆ.